ಚೆಲುವಿ ಎಳೆದ ಹಗ್ಗ

ನಮ್ಮೂರಿಗೆ ಹೊಸದಾಗಿ ಬಂದ ನೆಂಟರು ಮನೆಯೊಳಗೆ ಕಾಲಿಟ್ಟ ಕೂಡಲೇ ತಲೆ ಎತ್ತಿ ಜಂತೆ ನೋಡುತ್ತಾರೆ. ಮಕ್ಕಳಿರುವ ಮನೆಯೋ ಅಲ್ಲವೋ ಅನ್ನುವುದು ನಮ್ಮಲ್ಲಿ ಅಂಗಳದಿಂದ ತಿಳಿಯುವುದಿಲ್ಲ, ಜಂತೆಯಿಂದ ತಿಳಿಯುತ್ತದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದು ಜಂತೆಗೆ ಮೆತ್ತೆ ಹೊಡೆದಿದ್ದರೆ ಅದು ಮಕ್ಕಳೊಂದಿಗರ ಮನೆ. ಹುಟ್ಟಿದ ಕೂಸು ನಮ್ಮೂರಲ್ಲಿ ನೆಲಕ್ಕೆ ನಿಲ್ಲುವುದಿಲ್ಲ. ಕೈ ಬಿಟ್ಟರೆ ಒಲೆಯ ಹೊಗೆ ಎದ್ದ ಹಾಗೆ ಮೆಲ್ಲಗೆ ಮೇಲಕ್ಕೆ ಹೋಗಿ, ಜಂತೆಗೆ ತಾಗಿ, ಅಲ್ಲೇ ಬೆರಳು ಚೀಪುತ್ತಾ ಇರುತ್ತದೆ. ಅದಕ್ಕೇ ಬಾಣಂತಿ ಕೋಣೆಗೆ ನಾವು ಕಿಟಕಿ ಇಡುವುದಿಲ್ಲ. ಹನ್ನೊಂದನೆಯ ದಿನ ಸೊಂಟಕ್ಕೆ ಉಡಿಹಗ್ಗ ಕಟ್ಟುತ್ತೇವೆ, ಹೆಸರಿಡುವುದು ಅದಾದ ಮೇಲೆ. ಹೆಸರು ತಡವಾದರೆ ಕೂಸು ಎಲ್ಲಿಗೂ ಹೋಗುವುದಿಲ್ಲ. ಹಗ್ಗ ತಡವಾದರೆ ಹೋಗುತ್ತದೆ.

ಹಾಲುಹಲ್ಲು ಬೀಳುವ ಹೊತ್ತಿಗೆ, ಐದಕ್ಕೋ ಆರಕ್ಕೋ ಏಳಕ್ಕೋ, ಮಕ್ಕಳಿಗೆ ಭಾರ ಬರುತ್ತದೆ. ನೆಲದಮ್ಮ ಕರೆದಳು ಅನ್ನುತ್ತೇವೆ. ನೆಲದಮ್ಮನಿಗೆ ನಮ್ಮಲ್ಲೊಂದು ಗುಡಿಯಿದೆ. ಜಗಲಿಯಿಲ್ಲ, ವಿಗ್ರಹವಿಲ್ಲ; ನಾಲ್ಕು ಕಲ್ಲುಕಂಬಗಳ ನಡುವೆ ಒಂದು ಚಾಪೆಯಗಲದ ಬರಿಮಣ್ಣು, ಅಷ್ಟೆ. ಹೋದವರು ಎರಡೂ ಅಂಗೈಯನ್ನು ಆ ಮಣ್ಣಿಗೆ ಒತ್ತಿ ಬರುತ್ತಾರೆ. ಯಾವ ಮಗುವನ್ನು ಯಾವ ದಿನ ಕರೆಯಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ಕರೆದ ದಿನ ಮಗು ಇದ್ದಕ್ಕಿದ್ದಂತೆ ದೊಪ್ಪೆಂದು ಕೆಳಗೆ ಬೀಳುತ್ತದೆ. ತಾಯಿ ಓಡಿಬಂದು, ಬಾಗಿಲ ಮುಂದೆ ನೀರು ಚಿಮುಕಿಸಿ, ಆ ಹಸಿ ಮಣ್ಣಲ್ಲಿ ಮಗುವಿನ ಹೆಜ್ಜೆ ಮೂಡಿಸಿ, ಹೆಜ್ಜೆಯೊಳಗೆ ರಾಗಿ ಬಿತ್ತುತ್ತಾಳೆ. ದೊಡ್ಡವರಿಗೆಲ್ಲ ಅಂದು ಹೋಳಿಗೆ ಊಟ. ಮಗು ಮಾತ್ರ ಅಳುತ್ತದೆ. ನಿನ್ನೆಯ ತನಕ ಮಾವಿನ ಮರದ ತುದಿಯ ಕಾಯಿ ಮುಟ್ಟಿ ಬರುತ್ತಿದ್ದ ಮಗುವಿಗೆ ಇವತ್ತು ಕಟ್ಟೆ ಹತ್ತಲೂ ಆಗದು. ಅಳಬೇಡ, ಅಮ್ಮ ಕರೆದವ್ಳೆ ಅಂತ ನಾವು ಸಮಾಧಾನ ಹೇಳುತ್ತೇವೆ. ಅದರ ದುಃಖ ಎಷ್ಟು ದಿನ ಇರುತ್ತದೆ ಅಂತ ಯಾರೂ ವಿಚಾರಿಸಿದವರಲ್ಲ.

ಸಣ್ಣೀರಯ್ಯನ ಮೊಮ್ಮಗಳು ಚೆಲುವಿಗೆ ಹನ್ನೊಂದು ತುಂಬಿದರೂ ಭಾರ ಬಂದಿರಲಿಲ್ಲ.

ಸಣ್ಣೀರಯ್ಯ ನಮ್ಮೂರ ಹಗ್ಗದವನು. ಅವನ ಅಪ್ಪ, ಅಜ್ಜ ಎಲ್ಲರೂ ಅದೇ ಕಸುಬಿನವರು. ಊರಿನ ಒಂದೊಂದು ಮಗುವಿನ ಸೊಂಟದಲ್ಲೂ ಇದ್ದದ್ದು ಅವನು ಹೊಸೆದ ಹಗ್ಗ. ನಾನು ಹೊನ್ನಪ್ಪ, ಮೂವತ್ತು ವರ್ಷದಿಂದ ಅವನ ರಾಟೆ ತಿರುಗಿಸುವವನು. ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬ ಕೂತು ರಾಟೆ ತಿರುಗಿಸಬೇಕು, ಇನ್ನೊಬ್ಬ ಮಡಿಲಲ್ಲಿ ಕತ್ತಾಳೆ ನಾರು ಕಟ್ಟಿಕೊಂಡು, ಎಳೆ ಬಿಡುತ್ತಾ, ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಅವನ ಮಗ ಸೊಸೆ ಇಬ್ಬರೂ ಬೆಳಗಾದರೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿಬಿಡುತ್ತಿದ್ದರು. ಚೆಲುವಿ ತಾತನ ಪಾಲಿಗೆ. ಹಗ್ಗದ ಕೊಟ್ಟಿಗೆಯ ಜಂತೆಯಲ್ಲೇ ಅವಳ ಪುಸ್ತಕ, ಅವಳ ಊಟ, ಅವಳ ಬೊಂಬೆ. ನಮ್ಮ ಮಕ್ಕಳು ಬೆಳೆದಷ್ಟೂ ಮೇಲಕ್ಕೆಳೆಯುವ ಶಕ್ತಿ ಬೆಳೆಯುತ್ತದೆ. ಕೂಸಿಗೆ ಹುರಿದಾರ ಸಾಕು. ಚೆಲುವಿಯನ್ನು ಮೂರೆಳೆಯ ಹಗ್ಗದಲ್ಲಿ ಒರಳುಕಲ್ಲಿಗೆ ಕಟ್ಟಬೇಕಾಗಿತ್ತು. ಶಾಲೆಯ ಹುಡುಗರು ಅವಳನ್ನು ಪಟ ಅಂತ ಕರೆಯುತ್ತಿದ್ದರು. ಮುದುಕಿಯರು ಇನ್ನೂ ಮೆತ್ತಗೆ, ನೆಲದಮ್ಮನಿಗೂ ವಯಸ್ಸಾಯ್ತಲ್ಲ, ಈ ಮಗೀನ ಹೆಸರು ಮರೆತಿರಬೇಕು ಅನ್ನುತ್ತಿದ್ದರು. ಚೆಲುವಿ ಇದನ್ನೆಲ್ಲ ಕೇಳಿ ನಗುವವಳು. ಅವಳ ಮುಖ ಜಂತೆಯ ಕತ್ತಲಲ್ಲಿ ಇರುತ್ತಿದ್ದುದರಿಂದ, ಅದು ನಗುವೋ ಏನೋ ನಮಗೂ ಪೂರ್ತಿ ಕಾಣುತ್ತಿರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಕಟ್ಟಳೆ ಹೇಳಬೇಕು. ಹೊಸ ಹಗ್ಗ ಬಳಕೆಗೆ ಹೋಗುವ ಮೊದಲು ಅದನ್ನು ‘ಎಳೆಸುತ್ತೇವೆ’. ಅರಿಶಿನದ ನೀರು ಚಿಮುಕಿಸಿ, ಒಂದು ತುದಿಯನ್ನು ಭಾರ ಬಂದ ಮಗುವಿನ ಕೈಗೆ, ಇನ್ನೊಂದು ತುದಿಯನ್ನು ಭಾರ ಬಾರದ ಮಗುವಿನ ಕೈಗೆ ಕೊಡುತ್ತೇವೆ. ಒಂದು ಕೆಳಕ್ಕೆ ಜಗ್ಗುತ್ತದೆ, ಒಂದು ಮೇಲಕ್ಕೆ. ಅಷ್ಟಕ್ಕೆ ತಡೆದರೆ ಹಗ್ಗ ಪಾಸಾಯಿತು. ಆಮೇಲೆ ಅದನ್ನು ಯಾರೂ ಮತ್ತೆ ಎಳೆದು ನೋಡುವ ಹಾಗಿಲ್ಲ. ಒಮ್ಮೆ ಎಳೆಸಿದ ಹಗ್ಗವನ್ನು ಎರಡನೆಯ ಸಲ ಎಳೆಯುವುದೆಂದರೆ ಅಮ್ಮನ ಮೇಲೆ ಅನುಮಾನ ಪಟ್ಟಂತೆ ಅಂತ ಹಿರಿಯರ ಮಾತು. ಸಣ್ಣೀರಯ್ಯ ದೈವಭಕ್ತ. ಅವನು ಆ ಮಾತನ್ನು ಒಂದು ದಿನವೂ ಮೀರಿದವನಲ್ಲ.

ಕೆರೆ ಏರಿಯ ಪಕ್ಕದ ಪಾರ್ಕಿನಲ್ಲಿ ಹನ್ನೆರಡು ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ಚಪ್ಪರದಂತೆ ಬಲೆ ಕಟ್ಟಿದ್ದೂ ಅವನೇ. ಬಲೆಯ ಕೆಳಗೆ ಊರಿನ ಮಕ್ಕಳೆಲ್ಲ ಒಟ್ಟಿಗೆ ಆಡುತ್ತಿದ್ದವು. ಭಾರ ಬಂದವು ಕೆಳಗೆ ಉಯ್ಯಾಲೆ, ಜಾರುಬಂಡೆ, ಮರಳಿನ ಗುಂಡಿಯಲ್ಲಿ; ಭಾರ ಬಾರದವು ಉಡಿಹಗ್ಗ ಬಿಚ್ಚಿಸಿಕೊಂಡು ಮೇಲೆ, ಬಲೆಗೆ ಅಂಟಿಕೊಂಡು, ಬಾವಲಿಗಳ ಹಾಗೆ. ಚೆಲುವಿ ಒಬ್ಬಳಿಗೆ ಅಲ್ಲೂ ಹಗ್ಗ ಬಿಚ್ಚುತ್ತಿರಲಿಲ್ಲ. ಕಂಬಕ್ಕೆ ಕಟ್ಟಿಯೇ ಬಿಡುತ್ತಿದ್ದರು. ಬಲೆ ಕಟ್ಟಿ ಹದಿಮೂರು ವರ್ಷವಾಗಿತ್ತು. ಉಯ್ಯಾಲೆಗೆ ಒಂದೇ ಸರಪಳಿ ಉಳಿದಿತ್ತು. ಜಾರುಬಂಡೆಯ ತಗಡು ತೂತುಬಿದ್ದು, ಊರಿನ ಅರ್ಧ ಮಕ್ಕಳ ಚಡ್ಡಿ ಲಂಗ ಒಂದೇ ಜಾಗದಲ್ಲಿ ಹರಿದಿರುತ್ತಿದ್ದವು. ಆದರೂ ಯಾರಿಗೂ ರಿಪೇರಿಯ ಯೋಚನೆ ಬರಲಿಲ್ಲ, ಹೋದ ವರ್ಷದ ಆಷಾಢದ ಗಾಳಿ ಬರುವ ತನಕ.

ಆ ಗಾಳಿಗೆ ಬಲೆ ಒಂದು ಮೂಲೆಯಲ್ಲಿ ಹರಿಯಿತು. ರುದ್ರಾಣಮ್ಮನವರ ಮೂರು ವರ್ಷದ ಮೊಮ್ಮಗ ಆ ತೂತಿನಿಂದ ಆಚೆ ಹೋಗಿಬಿಟ್ಟ. ಊರಿಗೆ ಊರೇ ಮುಖ ಮೇಲೆ ಮಾಡಿಕೊಂಡು ಓಡಿತು. ಮಾರನೆಯ ಬೆಳಿಗ್ಗೆ ಎರಡು ಹಳ್ಳಿ ಆಚೆ, ಒಂದು ತೆಂಗಿನ ಮರದ ಸುಳಿಯಲ್ಲಿ, ಹೊಂಬಾಳೆ ತಬ್ಬಿಕೊಂಡು ಮಲಗಿದ್ದ ಮಗು ಸಿಕ್ಕಿತು. ಕೂದಲು ಕೊಂಕಿರಲಿಲ್ಲ. ನೆಲದಮ್ಮ ಕಾಯ್ದಳು ಅಂತ ಎಲ್ಲರೂ ಗುಡಿಗೆ ಹೋಗಿ ಅಂಗೈ ಒತ್ತಿ ಬಂದೆವು. ಆದರೆ ಬಲೆ ಹರಿದಾಗ ಆ ತೂತಿನ ಅಂಚು ಹಿಡಿದುಕೊಂಡಿದ್ದವಳು ಚೆಲುವಿ. ಅದನ್ನು ಎಲ್ಲರೂ ಕಂಡಿದ್ದರು. ಯಾರೂ ಬೈಯಲಿಲ್ಲ. ದೊಡ್ಡ ಹುಡುಗಿ, ಎಳೆತ ಜಾಸ್ತಿ, ಬಲೆ ಎಷ್ಟೂಂತ ತಡೀತದೆ, ಅಂದರು. ಅಷ್ಟೇ. ಅವತ್ತಿನಿಂದ ಚೆಲುವಿ ಪಾರ್ಕಿಗೆ ಹೋಗಲಿಲ್ಲ.

ರುದ್ರಾಣಮ್ಮ ನಮ್ಮ ಪುರಸಭೆಯ ಅಧ್ಯಕ್ಷೆ. ಮೊದಲು ಹೆರಿಗೆ ನರ್ಸಮ್ಮ ಆಗಿದ್ದವರು. ಊರಿನ ಅರ್ಧ ಮಕ್ಕಳ ಸೊಂಟಕ್ಕೆ ಮೊದಲ ಹಗ್ಗ ಕಟ್ಟಿದ ಕೈ ಅವರದು, ಚೆಲುವಿಗೂ ಅವರೇ ಕಟ್ಟಿದ್ದು. ಅವರು ಪಟ್ಟು ಹಿಡಿದು ಪಾರ್ಕು ಹೊಸದು ಮಾಡಿಸಲು ನಿಂತರು. ಇನ್ನು ಮುಂದೆ ಎಲ್ಲ ವಯಸ್ಸಿನವರನ್ನೂ ಒಂದೇ ಬಲೆಯ ಕೆಳಗೆ ಬಿಡುವುದು ಬೇಡ, ಎರಡು ಅಂಗಳ ಮಾಡಿ ನಡುವೆ ಗೋಡೆ ಹಾಕೋಣ ಅಂತ ತೀರ್ಮಾನವಾಯಿತು. ಒಂದು ಬಲೆಯಂಗಳ: ಎಂಟು ವರ್ಷದೊಳಗಿನ, ಭಾರ ಬಾರದ ಮಕ್ಕಳಿಗೆ. ಇನ್ನೊಂದು ನೆಲದಂಗಳ: ಭಾರ ಬಂದವರಿಗೆ. ಅಲ್ಲಿ ಮೇಲೆ ಬಲೆ ಇರದು, ಆದ್ದರಿಂದ ಭಾರ ಬಾರದವರಿಗೆ ಪ್ರವೇಶವೂ ಇರದು.

ಹೊಸ ಬಲೆಯ ಕೆಲಸ ಸಣ್ಣೀರಯ್ಯನಿಗೇ ಅಂತ ಹೇಳಲು ಅವರೇ ಕೊಟ್ಟಿಗೆಗೆ ಬಂದರು. ನೀರಲ್ಲಿ ನೆನೆಹಾಕಿದ ಕತ್ತಾಳೆಯ ನಾತಕ್ಕೆ ಸೆರಗನ್ನು ಮೂಗಿಗೆ ಹಿಡಿಯದೆ ಒಳಗೆ ಬರುವ ಹೊರಗಿನವರು ಅವರೊಬ್ಬರೇ. ನಿಯಮ ಓದಿ ಹೇಳಿದರು. ಸಣ್ಣೀರಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದ. ಎಂಟು ದಾಟಿದೆ, ಅಲ್ಲಿಲ್ಲ. ಭಾರ ಬಂದಿಲ್ಲ, ಇಲ್ಲೂ ಇಲ್ಲ. ಅವನು ಕೇಳುವ ಮೊದಲೇ ರುದ್ರಾಣಮ್ಮ ಉತ್ತರ ಹೇಳಿದರು.

“ನಿಮ್ಮ ಮನೆ ಮಗೂನ ಮನಸಲ್ಲಿಟ್ಕೊಂಡು ಬರೆದಿದ್ದಲ್ಲ ಸಣ್ಣೀರಯ್ಯ. ಬರೆದು ಮುಗಿಸಿ ನೋಡಿದ್ರೆ ಅವಳೊಬ್ಬಳೇ ಆಚೆ ಉಳ್ಕೊಂಡಿದ್ದಾಳೆ. ನನಗೂ ಅದು ಚುಚ್ಚುತ್ತೆ. ಆದರೆ ಆ ತೆಂಗಿನ ಮರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಒಂದು ವರ್ಷ ಕಾಯೋಣ. ಅಷ್ಟರಲ್ಲಿ ಅಮ್ಮ ಕರೀತಾಳೆ.”

ಜಂತೆಯಲ್ಲಿ ನೇತುಹಾಕಿದ್ದ ಹಗ್ಗದ ಸಿಂಬಿಗಳ ನಡುವಿಂದ ಚೆಲುವಿಯ ದನಿ ಬಂತು. “ನಾನು ಬರಾಕಿಲ್ಲ ಬುಡಿ ಅಮ್ಮಾವ್ರೇ. ನನಗೂ ಅಲ್ಲಿ ಬ್ಯಾಸರ ಆಗೋಗದೆ.”

ರುದ್ರಾಣಮ್ಮ ತಲೆ ಎತ್ತಿ ನೋಡಿದರು, ನಿಯಮದ ಕಾಗದ ಮಡಿಸಿಕೊಂಡು ಹೊರಟರು.

ಹಳೇ ಬಲೆ ಇಳಿಸಲು ನಾವಿಬ್ಬರೇ ಹೋಗಿದ್ದು. ಬಿಸಿಲು ಮಳೆಗೆ ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ಹರಿದ ಮೂಲೆ ಕೈಗೆ ಸಿಕ್ಕಾಗ ಸಣ್ಣೀರಯ್ಯ ನಿಂತುಬಿಟ್ಟ. ಹಗ್ಗದವನಿಗೆ ಹರಿದ ತುದಿ ಅಂದರೆ ವೈದ್ಯನಿಗೆ ನಾಡಿ ಇದ್ದ ಹಾಗೆ. ಎಳೆತಕ್ಕೆ ಹರಿದ ಹಗ್ಗದ ತುದಿಯಲ್ಲಿ ನಾರು ಮುದುಕನ ಗಡ್ಡದಂತೆ ಉದ್ದುದ್ದ ಕೆದರಿರುತ್ತದೆ. ಇದು ಹಾಗಿರಲಿಲ್ಲ. ಮೊಂಡಾಗಿತ್ತು, ತಂಗಳು ರೊಟ್ಟಿ ಮುರಿದಂತೆ. ಅವನು ಎರಡು ಬೆರಳಲ್ಲಿ ಉಜ್ಜಿದ. ಪುಡಿ ಉದುರಿತು. ಒಳಗೆ ಎಂದೋ ಸತ್ತ ಹಗ್ಗ ಅದು. ಚೆಲುವಿ ಎಳೆದಿರಲಿ ಬಿಡಲಿ, ಗುಬ್ಬಿ ಕೂತಿದ್ದರೂ ಹರಿಯುತ್ತಿತ್ತು. ಗೇಣುದ್ದದ ಆ ತುಂಡನ್ನು ಅವನು ಕುಡುಗೋಲಿನಿಂದ ಕತ್ತರಿಸಿ, ನನ್ನ ಕಡೆ ನೋಡದೆ, ಮಡಿಲಿಗೆ ಸೇರಿಸಿಕೊಂಡ. ನಾನು ಬೇರೆ ಕಡೆ ತಿರುಗಿ ಬಲೆ ಮಡಿಸಿದೆ.

ಹಾಗೆ ತಿರುಗಿದ್ದು ನನ್ನ ತಪ್ಪು. ಆದರೆ ಆ ತುಂಡಲ್ಲಿ ಏನಿತ್ತು ಅಂತಲೂ ಹೇಳಬೇಕಲ್ಲ. ಮೂರು ತಲೆಮಾರಿನ ಹೆಸರಿತ್ತು. ಬಲೆ ಒಳಗೊಳಗೇ ಸತ್ತಿತ್ತು ಅಂತ ಗೊತ್ತಾದರೆ, ಊರಿನ ತಾಯಂದಿರು ಅಂದೇ ತಮ್ಮ ಕೂಸುಗಳ ಸೊಂಟ ತಡವಿ ನೋಡುತ್ತಾರೆ. ಆಮೇಲೆ ಯಾರು ಸಣ್ಣೀರಯ್ಯನ ಹಗ್ಗ ಕಟ್ಟುತ್ತಾರೆ?

ಎರಡು ತಿಂಗಳು ರಾಟೆ ತಿರುಗಿತು. ಪಾರ್ಕಿನಲ್ಲಿ ಹೊಸ ಜಾರುಬಂಡೆ ಬಂತು, ಚಿಕ್ಕವರಿಗೆ ಗಿಡ್ಡದು, ದೊಡ್ಡವರಿಗೆ ಎತ್ತರದ್ದು. ಉಯ್ಯಾಲೆಗಳಿಗೆ ಹಸಿರು ಬಣ್ಣ ಬಳಿದರು. ನಡುವಿನ ಗೋಡೆಗೆ ಪಾಯ ತೋಡಿ ಕಲ್ಲು ತಂದು ಸುರಿದರು. ನಮ್ಮ ಕೊಟ್ಟಿಗೆಯಲ್ಲಿ ಮಣಿಕಟ್ಟಿನ ದಪ್ಪದ ಅಂಚಿನ ಹಗ್ಗ ದಿನಕ್ಕಿಷ್ಟು ಅಂತ ಬೆಳೆಯಿತು. ಮೊದಲೆಲ್ಲ ಹೊಸೆದ ಹಗ್ಗವನ್ನು ಜಂತೆಯಲ್ಲಿ ಸಿಂಬಿ ಸುತ್ತಿಡುವ ಕೆಲಸ ಚೆಲುವಿಯದಾಗಿತ್ತು. ಅವಳಷ್ಟು ನೀಟಾಗಿ ಸುತ್ತುವವರಿಲ್ಲ. ಈ ಸಲ ತಾತ ತುದಿ ಎತ್ತಿ ಕೊಟ್ಟರೆ ಅವಳು ಎರಡೂ ಕೈಯನ್ನು ಕಂಕುಳಲ್ಲಿ ಸೇರಿಸಿಕೊಂಡಳು.

“ನಾನು ಮುಟ್ಟುದ್ರೆ ಕಿತ್ತೋಯ್ತದೆ ತಾತ. ಚಿಕ್ಕಮಕ್ಕಳ ಬಲೆ ಅದು. ಬ್ಯಾಡ.”

ಹೇಳಿದ ರೀತಿಯಲ್ಲಿ ಮುನಿಸಿರಲಿಲ್ಲ. ಬೆಂಕಿ ಸುಡುತ್ತದೆ, ನೀರು ಒದ್ದೆ ಮಾಡುತ್ತದೆ, ತಾನು ಮುಟ್ಟಿದರೆ ಕಿತ್ತುಹೋಗುತ್ತದೆ. ಅಷ್ಟು ಸಲೀಸಾಗಿ ಹೇಳಿದಳು.

ಸಣ್ಣೀರಯ್ಯ ಹಿಂದಕ್ಕೆ ನಡೆಯುವುದನ್ನು ನಿಲ್ಲಿಸಿಬಿಟ್ಟ. ನಾನು ಗಮನಿಸದೆ ರಾಟೆ ತಿರುಗಿಸುತ್ತಲೇ ಇದ್ದೆ; ಎಳೆ ಸಡಿಲಾಗಿ ಹಾವಿನ ಹಾಗೆ ಸುತ್ತಿಕೊಂಡು ಗಂಟುಬಿತ್ತು. ಮೂವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಅವನು ನಾರನ್ನು ಕೆಳಗಿಟ್ಟು, ಹೊರಗೆ ಹೋಗಿ, ಹೊಂಗೆಯ ಮರದ ಕೆಳಗೆ ಕೂತ. ಎಲೆಅಡಿಕೆ ಚೀಲ ತೆಗೆದ, ಎಲೆಗೆ ಸುಣ್ಣ ಹಚ್ಚಿದ, ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮಡಿಲಿಂದ ಆ ತುಂಡು ತೆಗೆದು ನನ್ನ ಮುಂದೆ ಇಟ್ಟ.

“ಇದೇನು ಅಂತ ಗೊತ್ತೇನೋ ಹೊನ್ನಪ್ಪ?”

ಗೊತ್ತು ಅಂದೆ.

“ಯಾವಾಗಿಂದ?”

“ನೀನು ಮಡಿಲಿಗೆ ಸೇರಿಸ್ದಾಗಿಂದ.”

“ಮತ್ತೆ ಹೇಳ್ಲಿಲ್ಲ?”

“ನೀನೂ ಹೇಳ್ಲಿಲ್ವಲ್ಲ ಅಣ್ಣ.”

ಅವನು ತುಂಡನ್ನು ಮತ್ತೆ ಮಡಿಲಿಗೆ ಸೇರಿಸಿಕೊಂಡು, ಎದ್ದು ನೆಲದಮ್ಮನ ಗುಡಿಯ ಕಡೆ ನಡೆದ. ನಾನು ಹಿಂದೆ ಹೋಗಲಿಲ್ಲ. ವಾಪಸು ಬಂದಾಗ ಅವನ ಅಂಗೈ ಮಾತ್ರವಲ್ಲ, ಹಣೆಯೂ ಮಣ್ಣಾಗಿತ್ತು.

ಬಲೆ ಏರಿಸುವ ದಿನ, ಜ್ಯೇಷ್ಠದ ಕೊನೆಯ ಮಂಗಳವಾರ ಬೆಳಿಗ್ಗೆ, ಪಾರ್ಕಿನಲ್ಲಿ ಊರೆಲ್ಲ ಸೇರಿತ್ತು. ತಾಯಂದಿರ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಮಕ್ಕಳು. ದೂರದಿಂದ ನೋಡಿದರೆ ಜನ ಗುಂಪಾಗಿ ಬಲೂನು ಹಿಡಿದು ನಿಂತ ಹಾಗೆ. ಚೆಲುವಿ ಬರುವುದಿಲ್ಲ ಅಂದಿದ್ದಳು. ತಾತ ಒತ್ತಾಯ ಮಾಡಿ ಕರೆತಂದು, ಅವಳ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಗೇಟಿನ ಹತ್ತಿರ ನಿಲ್ಲು ಅಂದಿದ್ದ.

ಎಳೆಸುವ ಶಾಸ್ತ್ರ ಶುರುವಾಯಿತು. ಕೆಳಗಿನ ತುದಿ ಭೈರೇಶನಿಗೆ. ಅವನಿಗೆ ಹದಿಮೂರು, ಮೂರು ವರ್ಷಕ್ಕೇ ಭಾರ ಬಂದವನು. ನಮ್ಮೂರಿನಲ್ಲಿ ಅಷ್ಟು ಬೇಗ ಬಂದದ್ದು ಬೇರೆ ಯಾರಿಗೂ ಇಲ್ಲ. ಮೇಲೆ ಹೇಗಿತ್ತು ಅನ್ನುವುದು ಎಲ್ಲ ಮಕ್ಕಳಿಗೂ ಒಂದಿಷ್ಟಾದರೂ ನೆನಪಿರುತ್ತದೆ, ಅವನಿಗಿಲ್ಲ. ಅದಕ್ಕೋ ಏನೋ, ಮೂತಿ ಊದಿಸಿಕೊಂಡೇ ಇರುವ ಹುಡುಗ. ಮೇಲಿನ ತುದಿಯನ್ನು ಬಲೆಯಂಗಳಕ್ಕೆ ಸೇರುವ ಮಕ್ಕಳಲ್ಲೇ ದೊಡ್ಡವಳಾದ ಏಳು ವರ್ಷದ ಪದ್ಮಿಗೆ ಕೊಟ್ಟರು. ಮಣಿಕಟ್ಟಿನ ದಪ್ಪದ ಹೊಸ ಹಗ್ಗ, ಮೇಲೆ ಅರಿಶಿನದ ನೀರು ಬೇರೆ ಕುಡಿದಿತ್ತು. ಪದ್ಮಿ ಹಲ್ಲು ಕಚ್ಚಿ ಎಳೆದರೂ ಹಗ್ಗ ಜೋಲುತ್ತಲೇ ಇತ್ತು. ಭೈರೇಶ ಆಕಳಿಸಿದ. ಜನ ನಕ್ಕರು. ಮುಟ್ಟಿದಳಲ್ಲ, ಸಾಕು ಬಿಡಿ, ಶಾಸ್ತ್ರ ಆಯ್ತು, ಏರಿಸಿ ಅಂತ ನಾಲ್ಕೈದು ದನಿ ಎದ್ದವು. ರುದ್ರಾಣಮ್ಮನೂ ತಲೆಯಾಡಿಸಿದರು.

“ಆಗ್ಲಿಲ್ಲ,” ಅಂದ ಸಣ್ಣೀರಯ್ಯ. “ಶಾಸ್ತ್ರ ಆಗ್ಲಿಲ್ಲ ಅಮ್ಮಾವ್ರೇ. ಒಸಿ ಮಾತದೆ.”

ಅವನು ಮಡಿಲಿಂದ ಆ ತುಂಡು ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದು, ಬೆರಳಲ್ಲಿ ಉಜ್ಜಿದ. ಪುಡಿ ಉದುರಿದ್ದು ಮುಂದಿನ ಸಾಲಿನವರಿಗೆ ಕಂಡಿತು. ಹಿಂದಿನವರಿಗೆ ಅವರು ಹೇಳಿದರು.

“ಹಳೇ ಬಲೆ ಹರಿದ ಜಾಗ ಇದು. ನಮ್ಮ ಚೆಲುವಿ ಎಳೆದು ಹರೀಲಿಲ್ಲ. ಹಗ್ಗ ಒಳಗೇ ಸತ್ತೋಗಿತ್ತು. ಹದಿಮೂರು ವರ್ಷ ಒಂದು ದಿನ ನಾನು ಅದನ್ನ ಜಗ್ಗಿ ನೋಡ್ಲಿಲ್ಲ. ಒಂದ್ಸಲ ಎಳೆಸಿದ ಹಗ್ಗ ಮತ್ತೆ ಎಳೀಬಾರದು ಅಂತ ಕುಂತಿದ್ದೆ. ತಪ್ಪು ಮಗೀದಲ್ಲ, ನಂದು. ಇದು ಕಂಡು ಎರಡು ತಿಂಗಳಾಯ್ತು. ಹೆದರಿ ಮಡಿಲಲ್ಲಿ ಇಟ್ಕೊಂಡಿದ್ದೆ. ಅದೂ ನಂದೇ ತಪ್ಪು.”

ನಾನು ಅಂದುಕೊಂಡಿದ್ದು ಅಲ್ಲೇ ನಡೆಯಿತು. ಒಬ್ಬಳು ತಾಯಿ ಕೈಲಿದ್ದ ಹಗ್ಗವನ್ನು ಸರಸರ ಕೆಳಗೆಳೆದು ಮಗುವನ್ನು ಎದೆಗೆ ಅವಚಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಒಂದು ಗಳಿಗೆಯಲ್ಲಿ ಪಾರ್ಕಿನ ಮೇಲೆ ತೇಲುತ್ತಿದ್ದ ಮಕ್ಕಳೆಲ್ಲ ಮಡಿಲು ಸೇರಿದವು. ಗುಡಿಯ ಪೂಜಾರಪ್ಪ, ಹಾಗಾದರೆ ಎಳೆಸಿದ ಹಗ್ಗವನ್ನು ಮತ್ತೆ ಎಳೆಯಬೇಕು ಅನ್ನುತ್ತೀಯ, ಅಮ್ಮನ ಮೇಲೇ ಅನುಮಾನವಾ ಅಂತ ಕೇಳಿದ.

“ಅಮ್ಮನ ಮ್ಯಾಲಲ್ಲ ಸ್ವಾಮಿ,” ಅಂದ ಸಣ್ಣೀರಯ್ಯ, “ನನ್ನ ಮ್ಯಾಲೆ.”

ಆಮೇಲೆ ಗೇಟಿನ ಕಡೆ ತಿರುಗಿ, ಚೆಲುವಿಯನ್ನು ಬಾ ಅಂತ ಕೈಬೀಸಿ ಕರೆದ. ನಾನು ಹಗ್ಗ ಹಿಡಿದುಕೊಂಡು ಅವಳನ್ನು ಜನರ ನಡುವೆ ಕರೆದುಕೊಂಡು ಹೋದೆ. ತಾತ ಎತ್ತಿಕೊಟ್ಟ ತುದಿಯನ್ನು ಅವಳು ಹಿಡಿಯಲಿಲ್ಲ.

“ಎಳಿ ಮಗ. ಕಿತ್ತೋದ್ರೆ ಹಗ್ಗದ ತಪ್ಪು. ಹೊಸೆದೋನ ತಪ್ಪು. ನಿಂದಲ್ಲ.”

“ನಿಜವಾ ತಾತ?”

“ಊರ ಮುಂದೆ ಹೇಳ್ದೆನಲ್ಲ.”

ಚೆಲುವಿ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಳು. ನಾನು ಅವಳ ಉಡಿಹಗ್ಗವನ್ನು ಸಡಿಲ ಬಿಟ್ಟೆ. ಅವಳು ಮೇಲೆ ಹೋದಳು. ಜೋಲುತ್ತಿದ್ದ ಹಗ್ಗ ನೆಟ್ಟಗಾಯಿತು, ನೀರು ಹಿಂಡಿ ಹನಿ ಉದುರಿತು, ಇನ್ನೂ ನೆಟ್ಟಗಾಯಿತು. ಭೈರೇಶನ ಆಕಳಿಕೆ ಅರ್ಧಕ್ಕೆ ನಿಂತಿತು. ಅವನ ಹಿಮ್ಮಡಿ ನೆಲ ಬಿಟ್ಟಿತ್ತು. ಆಮೇಲೆ ಬೆರಳ ತುದಿ. ಊರಲ್ಲೇ ಭಾರದ ಹುಡುಗ ನೆಲದಿಂದ ಗೇಣೆತ್ತರದಲ್ಲಿ ತೂಗುತ್ತಿದ್ದ. ಕೈ ಬಿಡೋ, ಕೈ ಬಿಡೋ ಅಂತ ಅವನ ಅಪ್ಪ ಹೇಳುತ್ತಿದ್ದ. ಹುಡುಗ ತಲೆ ಎತ್ತಿ ಚೆಲುವಿಯನ್ನು ನೋಡಿ, ಯಾರಿಗೂ ಕೇಳಬಾರದು ಅನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದ.

“ಬುಡಬ್ಯಾಡ ಚೆಲುವಿ.”

ಅವಳು ಬಿಡಲಿಲ್ಲ. ಅವಳೂ ಕೆಳಗೆ ನೋಡುತ್ತಿದ್ದಳು, ಮುಖದಲ್ಲೊಂದು ಬೆರಗು. ಹುಟ್ಟಿದಾಗಿನಿಂದ ಅವಳನ್ನು ಮೇಲಕ್ಕೆ ಎಳೆಯುತ್ತಲೇ ಇದ್ದ ಅದೇನೋ ಈಗ ಸುಮ್ಮನಾಗಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಭೈರೇಶ ಕಾಲು ಚಾಚಿ ಬೆರಳಲ್ಲಿ ನೆಲ ಒದ್ದ. ಇಬ್ಬರೂ ಜಾರುಬಂಡೆಯ ಎತ್ತರಕ್ಕೆ ಎದ್ದು, ಬೂರುಗದ ಬೀಜ ಇಳಿಯುವ ಹಾಗೆ ತಿರುಗುತ್ತಾ ಮೆಲ್ಲಗೆ ಇಳಿದರು. ಇನ್ನೊಮ್ಮೆ ಒದ್ದ. ಈ ಸಲ ಜಾರುಬಂಡೆ ದಾಟಿ ಮರಳಿನ ಗುಂಡಿಯಲ್ಲಿ ಇಳಿದರು. ಮೂರನೆಯ ಸಲಕ್ಕೆ ಗೋಡೆಗೆ ತಂದು ಸುರಿದಿದ್ದ ಕಲ್ಲಿನ ರಾಶಿ ದಾಟಿದರು. ಭೈರೇಶ ನಗುತ್ತಿದ್ದ. ಆ ಹುಡುಗನಿಗೆ ಮುಂದಿನ ಹಲ್ಲೊಂದು ಸೊಟ್ಟಗಿದೆ ಅನ್ನುವುದು ನನಗೆ ಗೊತ್ತಾದದ್ದು ಅವತ್ತು.

ಮೊದಲು ಬಂದವಳು ಹೋದ ತಿಂಗಳಷ್ಟೇ ಭಾರ ಬಂದು ಇನ್ನೂ ಅಳು ನಿಲ್ಲದ ಆರು ವರ್ಷದ ಹುಡುಗಿ. ಅಕ್ಕ, ನನ್ನೂ ಕರ್ಕೊ ಅಂತ ಚೆಲುವಿಯ ಹಗ್ಗ ಹಿಡಿದಳು. ಅವಳ ಹಿಂದೆ ಇಬ್ಬರು. ಅವರ ಹಿಂದೆ, ಪಟ ಅಂತ ಕರೆಯುತ್ತಿದ್ದ ಹುಡುಗರು, ಸ್ವಲ್ಪ ದೂರದಲ್ಲಿ, ಕಾಲಲ್ಲಿ ಮರಳು ಕೆದರುತ್ತಾ.

ರುದ್ರಾಣಮ್ಮ ಸಣ್ಣೀರಯ್ಯನ ಹತ್ತಿರ ಬಂದು ನಿಂತರು. ಅವರ ಕಣ್ಣು ಮಕ್ಕಳ ಮೇಲಿತ್ತು. ಎರಡು ಅಂಗಳದ ನಡುವೆ ಗೋಡೆಯ ಬದಲು ಇಂಥದಕ್ಕೊಂದು ಜಾಗ ಬಿಡಬಹುದೇ ಅಂತ ಅವನು ಕೇಳಿದ. ಭಾರ ಬಂದವರೊಬ್ಬರು, ಬಾರದವರೊಬ್ಬರು, ನಡುವೆ ಒಂದು ಹಗ್ಗ. ಹಗ್ಗದ ಜವಾಬ್ದಾರಿ ತನ್ನದು ಅಂದ.

“ಹಳೇ ಬಲೆಯ ಜವಾಬ್ದಾರಿನೂ ನಿಮ್ಮದೇ ಆಗಿತ್ತು ಸಣ್ಣೀರಯ್ಯ.”

ಅದಕ್ಕೆ ಅವನು ತಲೆ ತಗ್ಗಿಸಲಿಲ್ಲ. ಹೌದು, ಅದಕ್ಕೇ ಈ ಮಾತು ಅಂದ. ಇನ್ನು ಮೇಲೆ ಪ್ರತಿ ವರ್ಷ ಆಷಾಢದ ಗಾಳಿಗೆ ಮೊದಲು ಊರಿನ ಒಂದೊಂದು ಹಗ್ಗವನ್ನೂ ಎಳೆದು ನೋಡುತ್ತೇನೆ, ಪುಡಿ ಉದುರಿದ್ದನ್ನು ಗುಡಿಯ ಮುಂದೆ ಸುಡುತ್ತೇನೆ, ಹೊಸದು ಹೊಸೆದು ಕೊಡುತ್ತೇನೆ, ನಾನು ಸತ್ತರೆ ಹೊನ್ನಪ್ಪ ನೋಡಿಕೊಳ್ಳುತ್ತಾನೆ ಅಂದ. ನನ್ನನ್ನು ಕೇಳಿಯೇ ಇರಲಿಲ್ಲ. ನಾನು ಹೂಂ ಅಂದೆ.

ರುದ್ರಾಣಮ್ಮ ಮೊಮ್ಮಗನನ್ನು ಕಂಕುಳಲ್ಲಿ ಅವಚಿಕೊಂಡರು. ಅವನ ಉಡಿಹಗ್ಗವನ್ನು ಬಿಚ್ಚಿ ಸಣ್ಣೀರಯ್ಯನ ಕೈಗೆ ಕೊಟ್ಟರು. “ಮೊದಲು ಇದನ್ನ ಎಳೆದು ನೋಡಿ,” ಅಂದರು.

ಅದಾದ ಮೇಲೆ ಹದಿನೈದು ದಿನ ನಮಗೆ ಹೊಸೆಯುವ ಕೆಲಸವಿರಲಿಲ್ಲ, ಎಳೆಯುವ ಕೆಲಸವೇ. ಮನೆಮನೆಯಿಂದ ಹಗ್ಗ ಬಂತು. ಹನ್ನೊಂದು ಹಗ್ಗ ಪುಡಿಯಾದವು. ಒಂದೊಂದನ್ನು ಬದಿಗಿಟ್ಟಾಗಲೂ ಸಣ್ಣೀರಯ್ಯ ಆ ಮನೆಯ ಮಗುವಿನ ಹೆಸರು ಹೇಳಿ ಅಮ್ಮನಿಗೆ ಕೈಮುಗಿಯುತ್ತಿದ್ದ. ಎರಡು ಮನೆಯವರು ನಮ್ಮ ಹಗ್ಗ ಬಿಟ್ಟು ಬೇರೆ ಊರಿಂದ ತರಿಸಿಕೊಂಡರು, ಇವತ್ತಿಗೂ ಅವರು ನಮ್ಮ ಕಡೆ ಬಂದಿಲ್ಲ. ಬರಲಿಲ್ಲ ಅಂತ ಸಣ್ಣೀರಯ್ಯನಿಗೆ ಕೋಪವೂ ಇಲ್ಲ.

ಗೋಡೆಯ ಕಲ್ಲನ್ನು ಮಕ್ಕಳು ಕೂರುವ ಕಟ್ಟೆಗೆ ಬಳಸಿದರು. ಗೇಟಿನ ಬೋರ್ಡಿನಲ್ಲಿ ರುದ್ರಾಣಮ್ಮ ಒಂದು ಸಾಲು ಹೆಚ್ಚಿಗೆ ಬರೆಸಿದರು. ಬಲೆಯಂಗಳ ಎಂಟು ವರ್ಷದೊಳಗಿನವರಿಗೆ, ನೆಲದಂಗಳ ಭಾರ ಬಂದವರಿಗೆ, ನಡುವಂಗಳ ಜೊತೆ ಇರುವವರಿಗೆ. ನಡುವಂಗಳದಲ್ಲಿ ಈಗ ಹದಿನಾರು ಜೋಡಿಹಗ್ಗ ಇವೆ. ಭಾರ ಬಂದ ದಿನ ಮಗು ಈಗಲೂ ಅಳುತ್ತದೆ, ಆದರೆ ಅಳುತ್ತಲೇ ಅಲ್ಲಿಗೆ ಓಡುತ್ತದೆ. ಯಾರಿಗೆ ಯಾರು ಜೋಡಿ ಅಂತ ಬೆಳಿಗ್ಗೆಯೇ ಜಗಳ. ಚೆಲುವಿಗಂತೂ ಸಾಲು ನಿಲ್ಲುತ್ತಾರೆ, ಅವಳಷ್ಟು ಎತ್ತರಕ್ಕೆ ಒಯ್ಯುವವರು ಇನ್ನೊಬ್ಬರಿಲ್ಲ.

ಅವಳಿಗೆ ಇನ್ನೂ ಭಾರ ಬಂದಿಲ್ಲ. ಸಣ್ಣೀರಯ್ಯ ಗುಡಿಗೆ ಹೋಗುವುದು ಬಿಟ್ಟಿಲ್ಲ, ಆದರೆ ಈಚೆಗೆ ಅವನು ಅಲ್ಲಿ ಏನು ಕೇಳಿಕೊಳ್ಳುತ್ತಾನೋ ನನಗೆ ಗೊತ್ತಿಲ್ಲ. ಬೇಗ ಎದ್ದು ಬಂದುಬಿಡುತ್ತಾನೆ.

ನಿನ್ನೆ ಸಂಜೆ ನಾನೂ ಅವನೂ ಪಾರ್ಕಿನ ಗೇಟಿಗೆ ಹೋಗಿದ್ದೆವು. ದೀಪ ಹಚ್ಚುವ ಹೊತ್ತು. ಅಜ್ಜಿಯರು, ತಾಯಂದಿರು ಗೇಟಿಗೆ ಒರಗಿ ನಿಂತು, ಬರ್ತೀಯೋ ಕೋಲು ತರಲೋ ಅಂತ ತಮ್ಮ ತಮ್ಮ ಮಕ್ಕಳನ್ನು ಕೂಗುತ್ತಿದ್ದರು. ಸಣ್ಣೀರಯ್ಯನೂ ಅವರ ಸಾಲಿನಲ್ಲಿ ನಿಂತು ಕೂಗಿದ. ಹನ್ನೊಂದು ವರ್ಷ ಹಗ್ಗ ಜಗ್ಗಿ ಮೊಮ್ಮಗಳನ್ನು ಮನೆಗೆ ಕರೆತಂದವನು, ಬಾಯಿಂದ ಕೂಗಿ ಕರೆಯುವುದು ಅವನಿಗಿನ್ನೂ ರೂಢಿಯಾಗಿಲ್ಲ. ದನಿ ಎಷ್ಟು ಏರಿಸಬೇಕು ಅನ್ನುವ ಅಂದಾಜು ಸಿಗುತ್ತಿರಲಿಲ್ಲ.

“ಬಂದೆ ತಾತ, ಇನ್ನೊಂದೇ ಒಂದ್ಸಲ,” ಅಂತ ಎಲ್ಲಿಂದಲೋ ಮೇಲಿಂದ ಉತ್ತರ ಬಂತು. ಹಿಂದೆಯೇ ಏಳೆಂಟು ಮಕ್ಕಳ ನಗು.

ಪಕ್ಕದಲ್ಲಿದ್ದ ಅಜ್ಜಿ, ಇವು ಎಲ್ಲಿ ಕೇಳ್ತವೆ, ಗಂಟಲು ಹರಿದುಹೋಗಬೇಕು ಅಷ್ಟೆ ಅಂತ ಗೊಣಗಿದಳು. ಹೂಂ ಕಣವ್ವ, ನಮ್ದೂ ಹಂಗೇಯ ಅಂತ ಸಣ್ಣೀರಯ್ಯ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. ಅವನ ಮುಖದ ಹಿಗ್ಗು ನೋಡಿ ನಾನು ಬೇರೆ ಕಡೆ ತಿರುಗಿಕೊಂಡೆ. ಎರಡನೆಯ ಸಲ ಕೂಗಿದ. ಇನ್ನೊಂದೇ ತಾತ ಅಂತ ಅದೇ ಉತ್ತರ. ಮೂರನೆಯ ಸಲ ಅವನು ಕೂಗಲಿಲ್ಲ. ಕಟ್ಟೆಯ ಮೇಲೆ ನನಗೂ ಜಾಗ ಬಿಟ್ಟು ಕೂತುಕೊಂಡು, ಎಲೆಅಡಿಕೆ ಚೀಲ ಬಿಚ್ಚಿದ.